ಅರ್ಜದಾರ ಹಜರ್

ದಾರುಖಾನೆಯಲ್ಲಿ ಹಡಗು ಒಡೆಯುವವರ ಮೈಗೆ
ಸುಟ್ಟ ಕಬ್ಬಿಣದ ವಾಸನೆ, ತೊಳೆದರೂ ಹೋಗದ್ದು.
ಮಲ್ಕಮ್ಮನ ಸೆರಗಿನಲ್ಲೂ ಇತ್ತು,
ಸೈಬಣ್ಣ ಸತ್ತು ಹದಿನಾಲ್ಕು ತಿಂಗಳಾದ ಮೇಲೂ.
ಬಾಂದ್ರಾದ ಲೇಬರ್ ಕೋರ್ಟಿನ ಬೆಂಚಿನಲ್ಲಿ
ಪಕ್ಕಕ್ಕೆ ಸರಿದು ಜಾಗ ಕೊಟ್ಟು ಕೇಳಿದಳು:
‘ಇಷ್ಟ್ ವರ್ಷ ಏನ್ ಕೆಲ್ಸಾ ಮಾಡ್ತಿದ್ರಿ ಅಕ್ಕೋರೆ?’

ಸಾಹೇಬರು ಇನ್ನೂ ಬಂದಿರಲಿಲ್ಲ. ಹೊತ್ತು ಬೇಕಾದಷ್ಟಿತ್ತು.
ನನ್ನ ಕಸುಬಿಗೆ ಕನ್ನಡವೇ ಇರಲಿಲ್ಲ.

ಅಪ್ಪನದಾದರೆ ಸುಲಭ. ಬಂದರಿನ ಟ್ಯಾಲಿ ಕ್ಲಾರ್ಕು,
ಇಳಿದ ಗೋಣಿ ಎಣಿಸುವುದು, ನಾಲ್ಕು ಗೀಟು, ಐದಕ್ಕೊಂದು ಅಡ್ಡಗೆರೆ.
ತುಳುವಿನಲ್ಲಿ ಬೈದು, ಕನ್ನಡದಲ್ಲಿ ಪೇಪರು ಓದಿ,
ನಿದ್ದೆಯಲ್ಲಿ ಮರಾಠಿಯಲ್ಲಿ ಎಣಿಸುತ್ತಿದ್ದ.
ನಾನೂ ಗೋಣಿಯಿಂದಲೇ ಶುರು ಮಾಡಿದವಳು:
ಹೊರದೇಶದ ಅಗ್ಗದ ನೂಲು, ಅಗ್ಗದ ಟೈಲ್ಸು,
ಎಷ್ಟು ಅಗ್ಗ, ಇಲ್ಲಿನವರಿಗೆ ಎಷ್ಟು ಪೆಟ್ಟು,
ದಶಾಂಶದ ಎರಡನೇ ಅಂಕಿಗಾಗಿ ರಾತ್ರಿಯೆಲ್ಲ ಜಗಳ.
ಆಮೇಲೆ ಬಲ್ಲಾರ್ಡ್ ಎಸ್ಟೇಟಿನಲ್ಲಿ ಸ್ವಂತ ಕೋಣೆ.
ಆಮೇಲೆ ಹೇಗ್.

‘ಒಂದು ಕಂಪನಿ,’ ಅಂದೆ, ‘ಪರದೇಶಕ್ಕೆ ಹೋಗಿ
ಬಂದರು ಕಟ್ಟಿತು. ಆ ದೇಶ ಕೂಲಿಯ ದರ ಏರಿಸಿತು.
ಅಂದುಕೊಂಡಷ್ಟು ಲಾಭ ಬರಲಿಲ್ಲ.
ಆಗ ದೇಶದ ಮೇಲೆಯೇ ದಾವೆ ಹಾಕಬಹುದು.’
‘ಹಾಕ್ದವ್ರು ನೀವಾ?’
‘ನಾನೇ. ಗೆದ್ದೆ.’
‘ಲಾಭ ಬರ್ತದಂತ ಯಾರರೆ ಮಾತು ಕೊಟ್ಟಿದ್ರೇನು?’
‘ಮಾತಲ್ಲ. ನಿರೀಕ್ಷೆ ಇತ್ತು.
ಅದು ಮುರಿದರೂ ಪರಿಹಾರ ಉಂಟು, ಒಪ್ಪಂದದಲ್ಲಿ.’

‘ನಿರೀಕ್ಷಿಗೂ ರೊಕ್ಕ ಬರ್ತದ.’
ಪ್ರಶ್ನೆಯಲ್ಲ. ಹೊಸ ಬಸ್ಸಿನ ನಂಬರು
ನೆನಪಿಟ್ಟುಕೊಳ್ಳುವವರ ಹಾಗೆ ಹೇಳಿಕೊಂಡಳು.
ಚಹಾದ ಹುಡುಗ ಬಂದು ಹೋದ.
ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು.
‘ಅವತ್ತ್ ಸಂಜಿಗಿ ಮೀನ ತರ್ತೀನಂದಿದ್ದ.
ಖಾರ ಅರದಿಟ್ಟಿದ್ನಿ.
ಇದ್ರಾಗ ಮಾತೂ ಆದ, ನಿರೀಕ್ಷಿನೂ ಆದ.
ಬರಕೊಳ್ರಿ.’

ಬರೆದುಕೊಂಡೆ. ಅರ್ಜಿಯ ಅಂಚಿನಲ್ಲಿ, ಪೆನ್ಸಿಲಿನಲ್ಲಿ.

ಮೂರೂವರೆಗೆ ಕರೆದರು. ಎದುರಿಗೆ ನಿಶಾದ ಪಾಠಾರೆ,
ನನ್ನ ಕೋಣೆಯಲ್ಲೇ ಅಲ್ಪವಿರಾಮ ಹಾಕುವುದನ್ನು ಕಲಿತವನು.
‘ಕರ್ಕೇರ ಮೇಡಂ ಬಗ್ಗೆ ಅಪಾರ ಗೌರವ,’ ಎಂದು ಬಾಗಿ,
ಸತ್ತವನ ಹೆಸರು ಮಸ್ಟರಿನಲ್ಲೇ ಇಲ್ಲವೆಂದ.
ನಿಜ, ಇಲ್ಲ. ಟ್ಯಾಂಕಿನೊಳಗೆ ಗ್ಯಾಸ್ ಕಟರ್ ಹಚ್ಚಿದವನ
ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ.
ಹಡಗಿನದು ಇದೆ. ತೂಕ ಕಿಲೋವರೆಗೆ,
ಹೋದ ಸಮುದ್ರಗಳು, ಮಾರಿದ ತಾರೀಕು,
ಸಾಯಲು ಬರುವ ಮುನ್ನ ಬಳಿದ ಹೊಸ ಹೆಸರು,
ನಾಲ್ಕು ವಾರ ಮಾತ್ರ ಬದುಕಿದ್ದ ಮಾಲೀಕ ಕಂಪನಿ.
ಇಂಥ ಕಂಪನಿಗಳನ್ನು ಹೇಗೆ ಹುಟ್ಟಿಸುತ್ತಾರೆ,
ನಿಶಾದನಿಗೆ ತೋರಿಸಿಕೊಟ್ಟವಳು ನಾನೇ.

ಹೇಗಿನಲ್ಲಿ ನಾನು ಕೆಮ್ಮಿದ್ದೂ ದಾಖಲಾಗಿತ್ತು.
‘ವಕೀಲರು ನೀರು ಕುಡಿಯುತ್ತಾರೆ,’
ಪುಟ ಇನ್ನೂರ ಹನ್ನೊಂದು, ಹದಿನಾರನೇ ಸಾಲು.
ಇಲ್ಲಿ ಮಲ್ಕಮ್ಮ ಹನ್ನೆರಡು ನಿಮಿಷ ಮಾತಾಡಿದಳು,
ಕೈಯಲ್ಲಿ ಪ್ಲೇಟಿನ ದಪ್ಪ ತೋರಿಸಿ, ಬೆಂಕಿ ತೋರಿಸಿ,
ಗೇಟಿನಿಂದ ಆಸ್ಪತ್ರೆಗೆ ತಂದ ಕೈಗಾಡಿಯ ಚಕ್ರ ತೋರಿಸಿ.
ನಾನು ಒಂದೊಂದೇ ಮಾತನ್ನು ಮರಾಠಿಗೆ ಇಳಿಸಿದೆ.
ಟೈಪಿಸ್ಟು ಕಾಯ್ದು, ಕನ್ನಡಕ ಒರೆಸಿ, ಹೊಡೆದ:
‘ಅರ್ಜದಾರ ಹಜರ್. ಪುಢೀಲ್ ತಾರೀಖ್ ಹದಿನೇಳು.’
ಹದಿನೇಳು ಎಂದದ್ದು ನಾನು. ಅವನು ಸತರಾ ಎಂದ.

ಹಾರ್ಬರ್ ಲೈನಿನ ಲೇಡೀಸ್ ಡಬ್ಬಿ.
ವಡಾಲಾ ದಾಟುವವರೆಗೆ ನಿಂತೇ ಇದ್ದೆವು.
ಶಿವಡಿಯಲ್ಲಿ ಜಾಗ ಸಿಕ್ಕಿತು, ಒಬ್ಬರಿಗೆ,
‘ನೀವ್ ಕುಂದ್ರಿ, ವಯಸ್ಸಾದ,’ ಅಂದಳು.
ಕಾಟನ್ ಗ್ರೀನ್. ಅವಳು ಮೇಲಿನ ಹಿಡಿ ಹಿಡಿದು,
ನನ್ನ ಕಪ್ಪು ಕೋಟನ್ನೇ ನೋಡುತ್ತ:
‘ನೀವ್ ಗೆದ್ರೆಲ್ಲ, ಆ ರೊಕ್ಕಾ ಯಾರ್ ಕೊಟ್ರು?’
‘ಆ ದೇಶ.’
‘ದೇಶ ಅಂದ್ರ?’

‘ಪುಢೀಲ್ ಸ್ಟೇಷನ್, ರೇ ರೋಡ್.’
ಬಾಗಿಲ ಬಳಿ ಆಗಲೇ ನೂಕುನುಗ್ಗಲು.
ಅವಳು ಇಳಿಯಬೇಕಿತ್ತು, ಇಳಿದಳು,
ಡಬ್ಬಿ ಎದೆಗೆ ಅವುಚಿಕೊಂಡು, ಹಿಂದಿರುಗಿ
ಕಿಟಕಿಯ ಸರಳಿಗೆ ಬಾಯಿಟ್ಟು ಕೂಗಿದಳು:
‘ಹದಿನೇಳು! ಹನ್ನೊಂದ್ ಗಂಟಿಗಿ!
ತಡಾ ಮಾಡಬ್ಯಾಡ್ರಿ.’